ಉರುಕುಂದಪ್ಪನ ಇಪ್ಪತ್ತೆರಡು ಕಿಲೋ ಬಂಗಾರ

ರಾಯಚೂರು ಜಿಲ್ಲೆಯಲ್ಲಿ ಮಳೆ ಬೀಳುವುದು ಕಡಿಮೆ, ಮಹಾಪ್ರಾಣ ಬೀಳುವುದು ಅದಕ್ಕಿಂತ ಕಡಿಮೆ. ನಾನು ಇಪ್ಪತ್ಮೂರು ವರ್ಷದಿಂದ ದೇವದುರ್ಗ ತಾಲೂಕಿನ ಮಸರಕಲ್ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಭೂಮಿ ಎಂದು ಹೇಳಿಕೊಟ್ಟರೆ ಮಕ್ಕಳು ಬೂಮಿ ಅನ್ನುತ್ತಾರೆ. ಹೊಟ್ಟೆಯಿಂದ ಗಾಳಿ ಬರಬೇಕು ಎಂದು ವಿವರಿಸಿದರೆ ಹಿಂದಿನ ಬೆಂಚಿನವನೊಬ್ಬ ಅದನ್ನು ಬೇರೆ ದಾರಿಯಿಂದ ಬಿಟ್ಟು ತೋರಿಸುತ್ತಾನೆ. ಹೆಡ್‌ಮಾಸ್ತರರಿಗೆ ದೂರು ಕೊಟ್ಟರೆ, "ಬಾಷೆ ಹ್ಯಾಂಗಿದ್ರೇನ್ರೀ ಗೌತಮ ಸರ್, ಬಾವ ಮುಖ್ಯ" ಎಂದು ಒಂದೇ ಮಾತಿನಲ್ಲಿ ಎರಡನ್ನು ನುಂಗಿ ನೀರು ಕುಡಿಯುತ್ತಾರೆ. ಒಂದು ಮಹಾಪ್ರಾಣ ತಪ್ಪಿದರೆ ಯಾರ ಗಂಟೇನು ಹೋಗುತ್ತದೆ ಎಂದು ಕೇಳುವವರಿಗೆ ನಮ್ಮ ಮಾಮನ ಗಂಟು ಹೋದ ಕಥೆ ಹೇಳಬೇಕಾಗುತ್ತದೆ.

ಮಾಮ ಎಂದರೆ ನನ್ನ ಅಕ್ಕ ಗೋಪಮ್ಮನ ಗಂಡ ಉರುಕುಂದಪ್ಪ. ರಾಯಚೂರಿನ ನಮ್ಮ ಓಣಿಯಲ್ಲಿ ನನ್ನದು ಒಂದು ಮನೆ, ಗೋಡೆಗೆ ಹತ್ತಿ ಅವರದು ಒಂದು ಮನೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದು, ಸಾಹೇಬರು ಬೆಲ್ ಒತ್ತುವ ಮೊದಲೇ ಎದ್ದು ನಿಲ್ಲುವ ಅಭ್ಯಾಸ ಮಾಡಿಕೊಂಡು, ನಿವೃತ್ತನಾದ ಮೇಲೂ ಪಕ್ಕದ ಮನೆಯ ಬೆಲ್ಲಿಗೆ ಎದ್ದು ನಿಲ್ಲುತ್ತಿದ್ದ ಮನುಷ್ಯ.

ಇನ್ನು ಭಂಗಾರ. ನಮ್ಮ ಕಡೆ ಭಂಗಾರ ಎಂದರೆ ಗುಜರಿ: ತುಕ್ಕು ಹಿಡಿದ ಕಬ್ಬಿಣ, ಒಡಕು ಬಕೀಟು, ರದ್ದಿ ಪೇಪರು. ದಿನಾ ಸಂಜೆ ನಾಲ್ಕಕ್ಕೆ ದಸ್ತಗೀರ್ ಸಾಬ್ ತಳ್ಳುಗಾಡಿ ನೂಕಿಕೊಂಡು "ಭಂಗಾರ್... ಭಂಗಾರ್ ಸಾಮಾನ್..." ಎಂದು ಕೂಗುತ್ತಾ ಬರುತ್ತಾರೆ. ಇಡೀ ಓಣಿಯಲ್ಲಿ ಆ ಭಕಾರವನ್ನು ಶುದ್ಧವಾಗಿ ಹೇಳುವವರು ಅವರೊಬ್ಬರೇ, ಕನ್ನಡ ಮಾಸ್ತರನಾದ ನನ್ನನ್ನು ಬಿಟ್ಟರೆ. ಉಳಿದವರಿಗೆ ಕೊರಳಿಗೆ ಹಾಕುವುದೂ ಬಂಗಾರ, ತಕ್ಕಡಿಗೆ ಹಾಕುವುದೂ ಬಂಗಾರ. ಇದರಿಂದ ಯಾವತ್ತೂ ತೊಂದರೆ ಆಗಿರಲಿಲ್ಲ. ಕೊರಳಿಗೆ ಹಾಕುವಂಥದ್ದು ನಮ್ಮ ಓಣಿಯಲ್ಲಿ ಅಷ್ಟಾಗಿ ಇರಲಿಲ್ಲ.

ಒಂದು ದಿನ ಅಕ್ಕ ಮನೆಯ ಮೂಲೆ ಸ್ವಚ್ಛ ಮಾಡಿ, ಮಾವ ಬಿಟ್ಟುಹೋದ ಸಾಮಾನನ್ನು ದಸ್ತಗೀರ್ ಸಾಬರಿಗೆಂದು ಬಾಗಿಲಲ್ಲಿ ಇಟ್ಟಿದ್ದಳು. ಮಾವ ಎಂದರೆ ಉರುಕುಂದಪ್ಪನ ತಂದೆ ತಿಮ್ಮಪ್ಪ ಮಾಸ್ತರ. ಹಗಲು ಹತ್ತಿ ಜಿನ್ನಿನಲ್ಲಿ ಹಮಾಲಿ, ರಾತ್ರಿ ಮದುವೆ ಮನೆಗಳಲ್ಲಿ ಗಿಟಾರು. ಊರಿಗೆ ಹಿಂತಿರುಗುತ್ತಿದ್ದ ಪಾದ್ರಿಯೊಬ್ಬರು ಕೊಟ್ಟ ಗಿಟಾರಿನ ಹೊಟ್ಟೆಯೊಳಗೆ ಹಳೇ ಟೆಲಿಫೋನಿನ ಅಯಸ್ಕಾಂತ ಕೂಡಿಸಿ ಅದನ್ನು ಕರೆಂಟಿನ ಗಿಟಾರು ಮಾಡಿಕೊಂಡಿದ್ದ ಅಸಾಧ್ಯ ಮನುಷ್ಯ. ಮುಚ್ಚಿಹೋದ ನಾಟಕ ಕಂಪನಿಯಿಂದ ತಂದ ಒಂದು ವಾಲ್ವ್ ಆಂಪ್ಲಿ ಇತ್ತು. ತೂಕ ಇಪ್ಪತ್ತೆರಡು ಕಿಲೋ. ಆಂಪ್ಲಿಗೆ ಹಾವಿನ ಹಾಗೆ ಸುತ್ತಿದ ಇಪ್ಪತ್ತು ಮಾರು ವೈರು.

ಆಗಲೇ ಕಿರಣಕುಮಾರ ಬಂದ. ನಮ್ಮ ಓಣಿಯವನೇ, ಸ್ಟೇಶನ್ ರಸ್ತೆಯಲ್ಲಿ ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋ ಇಟ್ಟಿದ್ದಾನೆ. ಜಾನಪದ, ಭಜನೆ, ಅಭ್ಯರ್ಥಿಗಳ ಪ್ರಚಾರ, ಎಲ್ಲವೂ ಒಂದೇ ಮೈಕಿನಲ್ಲಿ. ಬಾಗಿಲಲ್ಲಿ ಬಿದ್ದದ್ದನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ.

"ಅಂಕಲ್, ಇದು ನುಡೀತದೇನು?"

"ಎರಡು ನಿಮಿಷ ತಡಿ. ಬಿಸಿ ಆಗಬೇಕು" ಎಂದು ಮಾಮ ಪ್ಲಗ್ ಹಾಕಿದ. ವಾಲ್ವುಗಳು ಕೆಂಪಗಾದವು. ಆಂಪ್ಲಿಯ ಎಡಗಲ್ಲಕ್ಕೆ ಒಂದು ಏಟು ಕೊಟ್ಟು, ಗಿಟಾರು ತೊಡೆಯ ಮೇಲಿಟ್ಟುಕೊಂಡು ಅಪ್ಪ ಕಲಿಸಿದ ಒಂದೇ ಒಂದು ತತ್ವಪದ ನುಡಿಸಿದ. ಮೆತ್ತಗಿನ ದನಿ. ಪಕ್ಕದ ಮನೆಯ ನಾಗವೇಣಿ ಕುಕ್ಕರಿನ ಒಲೆ ಆರಿಸಿ ಕಿಟಕಿಗೆ ಬಂದಳು.

ಕಿರಣ ವೈರು ಹಿಡಿದು ಎಳೆದೇ ಎಳೆದ. "ಇಷ್ಟುದ್ದ ವೈರ್ ಯಾಕ್ರೀ ಅಂಕಲ್? ಎರಡು ಮಾರು ಸಾಕಲ್ಲ?"

"ನಮ್ಮಪ್ಪಗ ಸಾಕಾಗತಿದ್ದಿಲ್ಲಪ್ಪ" ಎಂದ ಮಾಮ. "ಮಾನ್ವಿ ವಿರೂಪಣ್ಣ ಸಾವಕಾರ್ರ ಲಗ್ನದಾಗ ನಾನೂ ಹೋಗಿದ್ದೆ, ಸಣ್ಣಾವ. ಆಂಪ್ಲಿ ಹಂದರದಾಗ, ಟೇಬಲ್ ಮ್ಯಾಲ, ಮ್ಯಾಲೊಂದು ಹೂವಿನ ಹಾರ. ಅಪ್ಪ ಹೊರಗ, ಬೇವಿನ ಗಿಡದ ಬುಡಕ. ನಮ್ಮವರು ಹಂದರದಾಗ ಕಾಲಿಡಂಗಿದ್ದಿಲ್ಲಲ್ಲ. ವೈರಿಗೆ ಜಾತಿ ಇಲ್ಲ, ಒಳಗ ಹೊಕ್ಕಿತ್ತು." ಹೇಳಿ ನಕ್ಕ. ನಾವ್ಯಾರೂ ನಗಲಿಲ್ಲವಾದ್ದರಿಂದ ಇನ್ನಷ್ಟು ನಕ್ಕ.

ಕಿರಣ ಬೇರೆಯೇ ಲೆಕ್ಕದಲ್ಲಿದ್ದ. "ಅದಕ್ಕ ನೋಡ್ರಿ! ಉದ್ದ ವೈರಿನಾಗ ಬಂದ್ರ ದನಿಯ ಚೂಪು ಸವದುಹೋಗತದ, ಮಂದ ಆಗತದ. ಈ ಟೋನ್ ಸಲುವಾಗಿ ಹೈದರಾಬಾದಿನ ಸ್ಟುಡಿಯೋದವರು ಜೀವಾ ಬಿಡತಾರ. ವಿಂಟೇಜ್ ಅಂಕಲ್, ವಿಂಟೇಜ್! ಬಂಗಾರಕ್ಕ ಹಾಕಾಕ ಹೊಂಟೀರಿ, ಇದು ಬಂಗಾರ ಅದ! ನನಗ ಬಾಡಿಗಿ ಕೊಡ್ರಿ. ಸೋಮವಾರ ರೆಕಾರ್ಡಿಂಗ್."

ಬಾಡಿಗೆ ಎಷ್ಟೆಂದು ಮಾಮ ಕೇಳಲೇ ಇಲ್ಲ. ಅಕ್ಕ ಹಿಂದಿನಿಂದ ಚಿವುಟಿದರೂ ಕೇಳಲಿಲ್ಲ. ಎದ್ದು ನಿಂತು, ಕಚೇರಿಯಲ್ಲಿ ಸಾಹೇಬರ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ, "ಒಂದು ಮಾತು ನಡಸಿಕೊಡಬೇಕು ನೋಡಪ್ಪ" ಎಂದ. "ಲಗ್ನದಾಗ ಮೈಕಿನಾಗ ಎಲ್ಲಾರ ಹೆಸರು ಹೇಳತಿದ್ರು. ಆಹೇರಿ, ಉಡುಗೊರಿ ಕೊಟ್ಟವರದು, ಅಡಗಿಯವರದು, ಲೈಟಿನವರದು. ನಮ್ಮಪ್ಪನ ಹೆಸರು ಆ ಮೈಕಿನಾಗ ಒಂದಿನಾನೂ ಬರಲಿಲ್ಲ. ಹಾಡಿನ ಕೆಳಗ 'ಗಿಟಾರ್: ತಿಮ್ಮಪ್ಪ ಮಾಸ್ತರ, ರಾಯಚೂರು' ಅಂತ ಬರಬೇಕು. ಅಷ್ಟ."

"ಅದೇನ್ ದೊಡ್ಡದ್ರೀ ಅಂಕಲ್? ಬರತದ" ಎಂದ ಕಿರಣ. ಮಾತು ಕೊಡುವುದು ಎಷ್ಟು ಸುಲಭ ಎಂಬುದನ್ನು ನಾನು ಪ್ರಚಾರದ ಹಾಡುಗಳಲ್ಲೂ ಗಮನಿಸಿದ್ದೇನೆ.

ಆ ಸಂಜೆಯಿಂದ ಮಾಮನಿಗೆ ಕೊಂಬು ಬಂದವು. ನನ್ನಿಂದ ಒಂದು ಬೋರ್ಡು ಬರೆಸಿದ: "ವಿಂಟೇಜ್ ಗಿಟಾರುಗಳು ಮತ್ತು ಆಂಪ್ಲಿಫಾಯರುಗಳು ಸ್ಟುಡಿಯೋಗಳಿಗೆ ಬಾಡಿಗೆಗೆ ದೊರೆಯುತ್ತವೆ." ಇದ್ದದ್ದು ಒಂದೊಂದೇ ಆದ್ದರಿಂದ ವ್ಯಾಕರಣದ ಪ್ರಕಾರ "ಗಳು" ಬರಬಾರದೆಂದೆ. "ಇರಲಿ ಬಿಡಲೇ, ಬಹುವಚನದಾಗ ಮಾನ ಇರತದ" ಎಂದ. ಅಕ್ಕ ಆಂಪ್ಲಿಯ ಮೇಲಿನ ಧೂಳು ಒರೆಸಲು ಹೋದರೆ ಕೈ ತಡೆದು, ಧೂಳು ಕೂಡಾ ವಿಂಟೇಜ್ ಎಂದ. "ಹಂಗಾದ್ರ ನಾನೂ ವಿಂಟೇಜ್, ನನಗೂ ಕೈ ಹಚ್ಚಬ್ಯಾಡ್ರಿ" ಎಂದು ಅವಳು ಎರಡು ದಿನ ಒಲೆ ಹಚ್ಚಲಿಲ್ಲ.

ಚಹಾದ ಹೋಟೆಲಿನವನು ತೆಲುಗಿನವನು. "ವಿಂಟೇ ಅಂದ್ರ ನಮ್ಮಲ್ಲಿ 'ಕೇಳಿದ್ರ' ಅಂತ ಅರ್ಥ. ಈ 'ಜ್' ಏನು ಉರುಕುಂದಪ್ಪಾ?" ಎಂದು ಕೆಣಕಿದ.

"ಕೇಳಿದ್ರ ಜುಮ್ ಅಂತದ. ಅದರ ಜ್" ಎಂದ ಮಾಮ, ಹುಟ್ಟಿದಾರಭ್ಯ ಗೊತ್ತಿದ್ದವನ ಹಾಗೆ. ಆಮೇಲೆ ಇಡೀ ಹೋಟೆಲಿಗೆ ಕೇಳುವ ಹಾಗೆ, "ನಮ್ಮಪ್ಪ ಏನೂ ಬಿಟ್ಟುಹೋಗಿಲ್ಲ ಅಂತಿದ್ರಿ. ಮನಿಯಾಗ ಬಂಗಾರ ಅದ, ಬಂಗಾರ! ಇಪ್ಪತ್ತೆರಡು ಕಿಲೋ! ನಲವತ್ತು ವರ್ಷ ಮೂಲ್ಯಾಗ ಬಿದ್ದಿತ್ತು, ನನಗಽ ಗೊತ್ತಿದ್ದಿಲ್ಲ" ಎಂದ.

ಇಂಥ ಮಾತನ್ನು ಬೇರೆ ಊರಲ್ಲಿ ಆಡಿದರೆ ಜನ ನಗುತ್ತಾರೆ. ನಮ್ಮದು ಬಂಗಾರದ ಗಣಿ ಇರುವ ಜಿಲ್ಲೆ. ಇಲ್ಲಿ ಹಾಗೆಂದರೆ ಜನ ನಗುವುದಿಲ್ಲ, ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಾರೆ.

ನಾಗವೇಣಿ ಕಿಟಕಿಯಲ್ಲಿ ಕೇಳಿದ್ದನ್ನು ಹೋಟೆಲಿನ ಮಾತಿಗೆ ಜೋಡಿಸಿದಳು. ಕಿರಣಕುಮಾರ ಬಂಗಾರ ಅಂದದ್ದು ಅವಳೇ ಕಿವಿಯಾರೆ ಕೇಳಿದ್ದು. ಮರುದಿನದ ಹೊತ್ತಿಗೆ ತಿಮ್ಮಪ್ಪ ಮಾಸ್ತರ ಜಿನ್ನಿನಲ್ಲಲ್ಲ, ಗಣಿಯಲ್ಲಿ ಕೆಲಸ ಮಾಡಿದ್ದ ಎಂದಾಯಿತು. ಅದರ ಮರುದಿನ, ಗಿಟಾರಿನ ಹೊಟ್ಟೆಯಲ್ಲಿ ತುಂಬಿಕೊಂಡು ಹೊರಗೆ ತರುತ್ತಿದ್ದ ಎಂದಾಯಿತು. ಇಲ್ಲದಿದ್ದರೆ ಹಮಾಲಿಗೆ ಗಿಟಾರು ಯಾಕೆ ಎಂಬ ಪ್ರಶ್ನೆಗೆ ನಮ್ಮ ಓಣಿಯವರೇ ಉತ್ತರ ಕೊಡಲಿಲ್ಲ. ಅವನ ಗಿಟಾರು ಕೇಳಿಯೇ ಹಸೆಮಣೆ ಏರಿದ ಹಿರಿಯರೂ ಇವರಲ್ಲಿದ್ದರು.

ಮೂರನೆಯ ದಿನ ಮೊದಲ ಬಸ್ಸಿಗೆ ದೇವದುರ್ಗದಿಂದ ದುರ್ಗಾದೇವಿ ಇಳಿದಳು. ಮಾಮನ ದೊಡ್ಡಪ್ಪನ ಮಗಳು. ತಿಮ್ಮಪ್ಪ ಕಾಕಾ ಸತ್ತಾಗ ಬಸ್ಸು ಸಿಗದೆ ಬರಲಾಗಿರಲಿಲ್ಲ, ಈಗ ಸಿಕ್ಕಿತ್ತು. ಬಾಗಿಲಲ್ಲೇ ಅಳು ಶುರುಮಾಡಿ, ನಡುಮನೆಗೆ ಬರುವಷ್ಟರಲ್ಲಿ ಮುಗಿಸಿದಳು.

"ಅಣ್ಣಾ, ಕಾಕಾ ಸಾಯೂ ಮುಂದ ನನ್ನ ಹೆಸರು ಹೇಳಿದ್ದನಂತಲ್ಲ?"

"ಅಂವ ಎಲ್ಲಾರ ಹೆಸರೂ ಹೇಳಿದ ತಂಗಿ. ಅವನ ಹೆಸರು ಮಾತ್ರ ಯಾರೂ ಹೇಳಲಿಲ್ಲ."

"ಹೋಗಲಿ ಬಿಡು. ಅರ್ಧಾ ಅರ್ಧಾ ಮಾಡಿಕೊಳ್ಳಾನ."

"ಹುಚ್ಚಿ, ಅರ್ಧಾ ಮಾಡಿದ್ರ ಸಪ್ಪಳ ಬರತದೇನು?"

"ಸಪ್ಪಳ ಆಗದಂಗ ಮಾಡಾನಣ್ಣಾ" ಎಂದು ಅವಳು ದನಿ ತಗ್ಗಿಸಿದಳು. "ಕರಗಸಾಕ ನಮ್ಮ ಮನಿಯವ್ರಿಗೆ ಗೊತ್ತಿದ್ದವರು ಅದಾರ."

ಮಾಮನ ಕಣ್ಣು ತುಂಬಿದವು. "ಕರಗತದ ತಂಗಿ, ಕರಗತದ. ಎಂಥಾ ಕಲ್ಲಿನಂಥಾ ಮನಸ್ಸಿದ್ರೂ ಕರಗತದ. ಎರಡು ನಿಮಿಷ ಬಿಸಿ ಆದ್ರ ಸಾಕು."

"ಎರಡ ನಿಮಿಷ?" ದುರ್ಗಾದೇವಿ ಎದೆ ಹಿಡಿದುಕೊಂಡಳು. "ಹಂಗಾರ ಇವತ್ತಽ ಮುಗಸಾನ!"

ಅಪ್ಪನ ಕಲೆಯ ಕಿಮ್ಮತ್ತು ತಿಳಿದವರು ಬಳಗದಲ್ಲಿ ಒಬ್ಬರಾದರೂ ಹುಟ್ಟಿದರಲ್ಲ ಎಂದು ಮಾಮ ಆಂಪ್ಲಿ ಹಚ್ಚಿ, ಗಲ್ಲಕ್ಕೆ ಬಡಿದು, ತತ್ವಪದ ನುಡಿಸತೊಡಗಿದ. ದುರ್ಗಾದೇವಿ ಐದು ನಿಮಿಷ ಕಾದಳು. ಹತ್ತು ನಿಮಿಷ ಕಾದಳು. ಕೊನೆಗೆ, "ಹಾಡು ಕೇಳಿಸಿ ಕಳಸತಿ ಏನೋ ಮೂಳಾ? ಎಲ್ಲಾ ಒಬ್ಬನಽ ತಿಂತಿ ಏನು?" ಎಂದು ಶಾಪ ಹಾಕಿ, ಅಕ್ಕ ಕಟ್ಟಿಕೊಟ್ಟ ರೊಟ್ಟಿಯನ್ನೂ ತೆಗೆದುಕೊಂಡು, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಸಿಕ್ಕವರಿಗೆಲ್ಲ "ಕಣ್ಣಾರೆ ನೋಡೀನಿ, ಪೆಟಿಗಿಯೊಳಗ ಕೆಂಪಗ ಹೊಳಿಯಾಕತ್ತದ" ಎಂದು ಸಾಕ್ಷಿ ಹೇಳಿಹೋದಳು. ವಾಲ್ವು ನೋಡಿದ್ದಳು, ಪಾಪ.

ಭಾನುವಾರ ಮಧ್ಯಾಹ್ನ ಹವಾಲ್ದಾರ ಬಂದ. ಮಾಮ ಅಭ್ಯಾಸಬಲದಿಂದ ಅವನು ಕೂರುವ ಮೊದಲೇ ಎದ್ದು ನಿಂತಿದ್ದ. ಪೊಲೀಸರ ಮುಂದೆ ಕಾರಣವಿಲ್ಲದೆ ಎದ್ದು ನಿಲ್ಲುವವನನ್ನು ಪೊಲೀಸರು ನಂಬುವುದಿಲ್ಲ.

"ಮಾಲು ಎಲ್ಲ್ಯದ?"

"ಯಾವ ಮಾಲ್ರೀ ಸಾಹೇಬ್ರ?"

"ಇಪ್ಪತ್ತೆರಡು ಕಿಲೋ."

"ಅದಾ? ಇಲ್ಲೇ ಅದರೀ" ಎಂದು ಮಾಮ ಹೆಮ್ಮೆಯಿಂದ ಆಂಪ್ಲಿ ತೋರಿಸಿದ.

ಹವಾಲ್ದಾರ ಸುತ್ತ ತಿರುಗಿ ನೋಡಿದ, ಎತ್ತಿ ನೋಡಿದ, ಸೊಂಟ ಹಿಡಿದುಕೊಂಡ. "ಪೆಟಿಗಿ ಚಲೋ ಹುಡುಕೀದಿ ಬಿಡು. ಒಳಗ ಇಟ್ಟೀ ಅಲ್ಲ? ಬಿಚ್ಚು."

"ಬಿಚ್ಚಿದ್ರ ವಿಂಟೇಜ್ ಹೋಗತದರೀ!"

"ಬಂಗಾರ ಅದ ಅಂತ ಹೋಟೆಲಿನಾಗ ನೀನಽ ಅಂದೀ ಇಲ್ಲೋ?"

"ಅಂದೀನ್ರಿ. ಆದ್ರ ಬಂಗಾರ ಅಂದ್ರ ಬಂಗಾರ ಅಲ್ಲರೀ. ಬಂಗಾರದಂಥಾದ್ದು. ಮೊದಲ ಬಂಗಾರಕ್ಕ ಹಾಕಾಕ ಹೊಂಟಿದ್ದಿವಿ, ಆಮ್ಯಾಲ ಬಂಗಾರ ಅಂತ ಗೊತ್ತಾತು."

ನಾನು ನಡುವೆ ಬಾಯಿ ಹಾಕಿ, ಮೊದಲಿನದು ಮಹಾಪ್ರಾಣ, ಎರಡನೆಯದು ಅಲ್ಪಪ್ರಾಣ, ಹೀಗಾಗಿ ಅರ್ಥವ್ಯತ್ಯಾಸ ಎಂದು ವಿವರಿಸಿದೆ. ಹವಾಲ್ದಾರ ಹುಬ್ಬು ಗಂಟಿಕ್ಕಿ, "ಪ್ರಾಣಾ ಗೀಣಾ ಅಂತ ಧಮಕಿ ಹಾಕತಿ ಏನು?" ಎಂದ. ಆಮೇಲೆ ಮಾಮನ ಕಡೆ ತಿರುಗಿ, "ರಸೀದಿ ಅದ ಏನು?" ಎಂದು ಕೇಳಿದ.

"ಪಾದ್ರಿ ಕೊಟ್ಟದ್ದು, ನಾಟಕದವರು ಕೊಟ್ಟದ್ದು. ಅವರ್ಯಾರೂ ಈಗ ಇಲ್ಲರೀ."

"ರಸೀದಿ ಇಲ್ಲಂದ್ರ ಮಾಲು ನಿಂದಲ್ಲ. ನಾಳೆ ಹನ್ನೊಂದಕ್ಕ ಠಾಣಿಗೆ ತಗೊಂಡು ಬಾ. ಅಲ್ಲೇ ಸುತ್ತಿಗಿ ಅದ, ಒಡದು ನೋಡತೀವಿ."

ಮರುದಿನ ಸೋಮವಾರ, ರೆಕಾರ್ಡಿಂಗ್ ಹತ್ತಕ್ಕೆ. ತಿಮ್ಮಪ್ಪ ಮಾಸ್ತರನ ಹೆಸರು ಬರಲು ಒಂದು ದಿನ ಬಾಕಿ ಇತ್ತು, ಸುತ್ತಿಗೆ ಬೀಳಲು ಒಂದು ದಿನ ಒಂದು ತಾಸು. ಆದರೆ ಊರಿಗೆಲ್ಲ ಹೆದರಿಕೊಂಡೇ ಬದುಕಿದ ಮಾಮನಿಗೆ ಮೊದಲು ರೆಕಾರ್ಡಿಂಗ್, ಆಮೇಲೆ ಸುತ್ತಿಗೆ ಎಂಬ ಲೆಕ್ಕ ಹೊಳೆಯಲಿಲ್ಲ. ದೊಡ್ಡವರೊಬ್ಬರ ಮಾತು ಬೇಕು ಎಂದು ಆಗಲೇ ಮಾನ್ವಿ ಬಸ್ಸು ಹತ್ತಿದ. ಅವನಿಗೆ ಗೊತ್ತಿದ್ದ ದೊಡ್ಡವರು ಒಬ್ಬರೇ, ರೈಸ್ ಮಿಲ್ಲಿನ ವಿರೂಪಣ್ಣ ಸಾವಕಾರರು. ಅಪ್ಪನ ಆಂಪ್ಲಿಗೆ ಹೂವಿನ ಹಾರ ಹಾಕಿದ್ದ ಮನೆ.

ಅಲ್ಲಿ ನಡೆದದ್ದನ್ನು ಮಾಮ ಆಮೇಲೆ ಹತ್ತು ಸಲ ಹೇಳಿದ್ದಾನೆ. ಸಾವಕಾರರು ಬಹಳ ಪ್ರೀತಿಯಿಂದ ಮಾತಾಡಿಸಿದರಂತೆ. ಕಟ್ಟೆಯ ಮೇಲೆ ಕೂಡಿಸಿ ಪೇಪರ್ ಕಪ್ಪಿನಲ್ಲಿ ಚಹಾ ಕೊಡಿಸಿದರಂತೆ. "ಈಗ ಭೇದ ಭಾವ ಏನಿಲ್ಲೋ ಉರುಕುಂದ, ಬಂದವರಿಗೆಲ್ಲಾ ಪೇಪರ್ ಕಪ್ಪ" ಎಂದು ತಾವು ಸ್ಟೀಲಿನ ಲೋಟದಲ್ಲಿ ಕುಡಿದರಂತೆ. ಇಪ್ಪತ್ತೆರಡು ಕಿಲೋ ಎಂಬ ಮಾತು ಮಾನ್ವಿಗೆ ಮಾಮನಿಗಿಂತ ಮೊದಲೇ ಬಂದು ಮುಟ್ಟಿತ್ತು. ಬಂಗಾರ ಅಲ್ಲರೀ ಎಂದು ಮಾಮ ಆಣೆ ಮಾಡಿದಷ್ಟೂ ಸಾವಕಾರರಿಗೆ ನಂಬಿಕೆ ಗಟ್ಟಿಯಾಯಿತು. ಬಂಗಾರ ಇದ್ದವರು ಇದೆ ಎಂದು ಎಲ್ಲಿ ಹೇಳುತ್ತಾರೆ? ಅವರೂ ಯಾವತ್ತೂ ಹೇಳಿದವರಲ್ಲ.

"ನಿನ್ನಂಥಾ ಬಡವನ ಮನ್ಯಾಗ ಅದು ಇರಬಾರದು. ನನ್ನ ಕಡೆ ಇರಲಿ, ಪೊಲೀಸರಿಗೆ ನಾ ಹೇಳತೀನಿ. ಈಗಽ ಮಿಲ್ಲಿನ ಗಾಡಿ ಕಳಸತೀನಿ, ಏರಿಸಾಕ ಹೇಳು" ಎಂದರು.

ಮಾಮ ಒಪ್ಪಿ, ಮಾನ್ವಿ ಬಸ್‌ಸ್ಟ್ಯಾಂಡಿನಿಂದ ನನಗೆ ಫೋನು ಮಾಡಿದ. ಹಿಂದೆ ಬಸ್ಸುಗಳ ಹಾರನ್ನು, ಶೇಂಗಾ ಮಾರುವವರ ಕೂಗು. "ಗೌತಮಾ... ಬಂಗಾರ... (ಹಾರನ್ನು)... ಗಾಡಿ ಬರತದ... (ಹಾರನ್ನು)... ಏರಿಸಿಬಿಡು, ತಡಾ ಮಾಡಬ್ಯಾಡ..." ಅಷ್ಟಕ್ಕೆ ಕಟ್ಟಾಯಿತು.

ನಿಖರವಾಗಿ ಅದೇ ಹೊತ್ತಿಗೆ, ಸಂಜೆ ನಾಲ್ಕಕ್ಕೆ, ಓಣಿಯ ತುದಿಯಿಂದ ಕೇಳಿತು: "ಭಂಗಾರ್... ಭಂಗಾರ್ ಸಾಮಾನ್..."

ಇಪ್ಪತ್ಮೂರು ವರ್ಷ ಮಕ್ಕಳಿಗೆ ತಿದ್ದಿದವನು ನಾನು. ಮಾಮಾ, ಬಕಾರವೋ ಭಕಾರವೋ ಎಂದು ತಿರುಗಿ ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಸುತ್ತಿಗೆಗೆ ಹೆದರಿ ಮಾಮ ಪೀಡೆ ಕಳೆದುಕೊಳ್ಳುತ್ತಿದ್ದಾನೆ ಎಂದುಕೊಂಡೆ. ಖರೇ ಹೇಳಬೇಕೆಂದರೆ ನನಗೂ ಅದು ಹೋಗುವುದೇ ಬೇಕಾಗಿತ್ತು. ಶಾಲೆಯಲ್ಲಿ ಯಾರಾದರೂ "ಬಾಜಾ ಬಜಂತ್ರಿಯವರ ಮನಿ" ಎಂದು ಆಡಿಕೊಂಡಾಗಲೆಲ್ಲ ನನಗೆ ಆ ಮೂಲೆ ಕಣ್ಣಮುಂದೆ ಬರುತ್ತಿತ್ತು, ನಾಚಿಕೆಯಾಗುತ್ತಿತ್ತು.

ಅಕ್ಕ ಸುತ್ತಿದ ವೈರು ಬಿಚ್ಚಿಕೊಂಡಳು. "ವೈರ್ ಗಟ್ಟಿ ಅದ, ಅರಿವಿ ಒಣಗಹಾಕಾಕ ಆಗತದ." ಆಂಪ್ಲಿಯ ಒಂದು ಕಡೆ ನಾನು, ಒಂದು ಕಡೆ ಅವಳು ಹಿಡಿದು ಗಾಡಿಗೆ ಏರಿಸಿದೆವು, ಮೇಲೆ ಗಿಟಾರು.

ದಸ್ತಗೀರ್ ಸಾಬ್ ಗಾಡಿಯಿಂದ ಕೈ ತೆಗೆದು ನಿಂತರು. "ತಿಮ್ಮಪ್ಪ ಮಾಸ್ತರ್ ಸಾಬರ ಸಾಮಾನ್ ಅಲ್ಲೇನ್ರೀ ಇದು? ಸಣ್ಣಾವ ಇದ್ದಾಗ ಇದರ ಹಿಂದ ಲಗ್ನದ ಬರಾತಿನಾಗ ಓಡ್ಯಾಡೀನಿ. ಸರ್, ಸೋಚ್ ಮಾಡಿ ಹೇಳ್ರಿ. ಭಂಗಾರ್ ಏನು?"

ಭಕಾರ ಶುದ್ಧವಾಗಿತ್ತು. ನಾನು ಗಡಿಬಿಡಿಯಲ್ಲಿ, "ಹೌದ್ರಿ ಹೌದು, ಬಂಗಾರಽ. ಒಯ್ರಿ" ಎಂದೆ.

ಅರ್ಧ ತಾಸಿನ ಮೇಲೆ ಮಿಲ್ಲಿನ ಗಾಡಿ ಬಂತು. ಮಾಮ ಹೇಳಿದ ಗಾಡಿ ಇದೇ ಎಂದು ತಿಳಿದು ನಾನು ಬಾಯಿ ತೆರೆಯುವ ಮೊದಲೇ ನಾಗವೇಣಿ ಕಿಟಕಿಯಿಂದ ಕೈ ಚಾಚಿ ದಾರಿ ತೋರಿಸಿದಳು. ಸಾವಕಾರರ ಗುಮಾಸ್ತ ದಸ್ತಗೀರ್ ಸಾಬರನ್ನು ತಿರುವಿನಲ್ಲೇ ಹಿಡಿದ. ಕೊಡುವುದಿಲ್ಲ, ಮನೆಯವರನ್ನು ಕೇಳಬೇಕು ಎಂದು ಸಾಬರು ಹಟ ಹಿಡಿದರಂತೆ. ಉರುಕುಂದಪ್ಪನೇ ಸಾವಕಾರರ ಮನೆಗೆ ಬಂದು ಒಪ್ಪಿದ್ದಾನೆ, ಅವನೇ ಕಳಿಸಿದ್ದು ಎಂದು ಗುಮಾಸ್ತ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ಕಬ್ಬಿಣದ ರೇಟಿನಲ್ಲಿ ತೂಕ ಹಾಕಿಸಿ, ಒಂದು ರಸೀದಿ ಬರೆಸಿಕೊಂಡು ಹೋದ: "ಭಂಗಾರ್ ಸಾಮಾನು, ಒಟ್ಟು ಇಪ್ಪತ್ತನಾಲ್ಕು ಕಿಲೋ." ಸಾವಕಾರರ ಮನೆಯಲ್ಲಿ ರಸೀದಿ ಇಲ್ಲದೆ ಉಸಿರೂ ತೆಗೆದುಕೊಳ್ಳುವುದಿಲ್ಲ.

ರಾತ್ರಿ ಮಿಲ್ಲಿನ ಅಂಗಳದಲ್ಲಿ ಆಂಪ್ಲಿ ಬಿಚ್ಚಿ ನೋಡಿದರು. ಒಳಗೆ ವಾಲ್ವು, ಜೇಡರ ಬಲೆ, ಮತ್ತು ಸತ್ತ ಒಂದು ಜಿರಲೆ, ಅದೂ ವಿಂಟೇಜ್. ವಿರೂಪಣ್ಣನವರು ಸಿಟ್ಟಿನಿಂದ ಒದೆಯಲು ಕಾಲೆತ್ತಿದಾಗ ಮಗ ಶಿವರಾಜ ಅಡ್ಡ ಬಂದ. ಅವನು ಮೊಬೈಲಿನಲ್ಲಿ ವಚನ ಹಾಡಿ ಬಿಡುವವನು, ಇಂಥದ್ದರ ಬಗ್ಗೆ ತಿಳಿದವನು. "ಅಪ್ಪಾ, ಇದು ವಿಂಟೇಜ್! ಬಂಗಾರ!" ಎಂದ. ಆ ಮನೆಯಲ್ಲಿ ಆ ಮಾತಿಗೆ ಪೊಲೀಸರು ಬರಲಿಲ್ಲ.

ಸೋಮವಾರ ಮಾಮ ಸ್ಟುಡಿಯೋಗೆ ಹೋಗಲಿಲ್ಲ, ನನ್ನನ್ನು ಕರೆದುಕೊಂಡು ಠಾಣೆಗೆ ಖಾಲಿ ಕೈಯಲ್ಲಿ ಹೋಗಿ ನಿಂತ. ಸಾವಕಾರರ ಫೋನು ಬಂದಿದ್ದರಿಂದ ಹವಾಲ್ದಾರನಿಗೆ ಬಂಗಾರದಲ್ಲಿ ಆಸಕ್ತಿ ಹೋಗಿತ್ತು. ನನ್ನ ಸಾಮಾನು ಕೊಡಿಸ್ರಿ ಎಂದು ಮಾಮ ಕೈಮುಗಿದ.

"ರಸೀದಿ ಯಾರ ಕಡೆ ಅದ?"

"ಸಾವಕಾರ್ರ ಕಡೆ ಅದರೀ."

"ಹಂಗಾದ್ರ ಮಾಲು ಅವರದು. ನಿನ್ನೆನಽ ಹೇಳಿದ್ದಿಲ್ಲೇನು?" ಕಾನೂನು ಎಲ್ಲರಿಗೂ ಒಂದೇ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಸಾಕ್ಷಿ ಇದು.

ದಸ್ತಗೀರ್ ಸಾಬ್ ಮಾತ್ರ ಮನೆಗೆ ಬಂದು, ಕಬ್ಬಿಣದ ಹಣವನ್ನು ಮಾಮನ ಮುಂದಿಟ್ಟು, "ನಾ ಕೇಳಿದ್ದೆ ಉರುಕುಂದಪ್ಪಾ, ಸರ್‌ಗೆ ಕೇಳಿದ್ದೆ" ಎಂದು ಅತ್ತರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಮಾಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳಾದ ಮೇಲೆ ಕಿರಣಕುಮಾರ ಬಂದ, ಈ ಸಲ ಚಪ್ಪಲಿ ಬಾಗಿಲಲ್ಲಿ ಬಿಟ್ಟು. ಶಿವರಾಜ ಮಿಲ್ಲಿನಲ್ಲೇ ತಂಪು ಕೋಣೆಯ ಸ್ಟುಡಿಯೋ ಕಟ್ಟಿಸಿದ್ದ, ಕಿರಣ ಅಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದ. "ನಾನೇನ್ ಮಾಡ್ಲಿ ಅಂಕಲ್, ಸೆಟ್ ಅವರ ಕಡೆ ಅದ, ಬಾಡಿಗಿ ಅವರಿಗೆ ಕೊಡಬೇಕು. ಆದ್ರ ಆ ಟೋನ್ ಬರವಲ್ಲದು. ಹೊಸಾ ವೈರ್ ಹಾಕಿ ನೋಡಿವಿ, ತಗಡು ಬಡದಂಗ ಕೇಳತದ. ಆ ಹಳೇ ವೈರ್ ಎಲ್ಲ್ಯದ?"

ಅಂಗಳದಲ್ಲಿತ್ತು. ಅಕ್ಕನ ಎರಡು ಸೀರೆ, ನನ್ನ ಒಂದು ಬನಿಯನ್ನು ಅದರ ಮೇಲೆ ಒಣಗುತ್ತಿದ್ದವು.

"ಕೊಡಬ್ಯಾಡ್ರಿ" ಎಂದಳು ಅಕ್ಕ. "ಅರಿವಿ ಹಸಿ ಅದಾವು."

ಮಾಮ ಸೀರೆಗಳನ್ನು ಮಡಚಿ ಅವಳ ಕೈಗೆ ಕೊಟ್ಟು ವೈರು ಬಿಚ್ಚಿದ. "ಹೆಸರು?" ಎಂದು ಕಿರಣನನ್ನು ಕೇಳಿದ.

"ಬರತದ ಅಂಕಲ್. ಅವತ್ತಽ ಮಾತು ಕೊಟ್ಟೀನಲ್ಲ?"

ನಾನೂ ಜೊತೆಗೆ ಹೋದೆ. ಮಿಲ್ಲಿನ ಕೋಣೆಯ ಗಾಜಿನೊಳಗೆ ಆಂಪ್ಲಿ ಕೂತಿತ್ತು, ಧೂಳು ಒರೆಸಿ, ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಹಾರ ಹಾಕಿದ್ದರು. ಮಾಮ ಬಾಗಿಲಲ್ಲಿ ನಿಂತು, ಎರಡು ನಿಮಿಷ ಬಿಸಿಯಾಗಲಿ, ಎಡಗಲ್ಲಕ್ಕೆ ಬಡೀರಿ ಎಂದು ಹೇಳಿಕೊಟ್ಟ. ಗಿಟಾರು ತರಿಸಿಕೊಂಡು ಒಳಗೆ ಕಾಲಿಡುವುದರಲ್ಲಿದ್ದ.

"ಅಂಕಲ್, ಒಂದು ನಿಮಿಷ" ಎಂದ ಶಿವರಾಜ, ಬಹಳ ಮರ್ಯಾದೆಯಿಂದ. "ತಪ್ಪು ತಿಳ್ಕೋಬ್ಯಾಡ್ರಿ. ರೂಮು ಸಣ್ಣದು, ಮೈಕಿನಾಗ ಉಸುರಿನ ಸಪ್ಪಳಾ ಬರತದ. ನೀವು ಹೊರಗ ಕೂತು ಬಾರಸ್ರಿ. ಹೆಂಗೂ ವೈರ್ ಉದ್ದ ಅದ ಅಲ್ಲ?"

ಕಿರಣ ತಲೆ ಬಗ್ಗಿಸಿ ಗುಂಡಿಗಳನ್ನು ತಿರುಗಿಸತೊಡಗಿದ. ಜಾತಿಯ ಮಾತು ಯಾರೂ ಆಡಲಿಲ್ಲ. ಉಸಿರಿನ ಮಾತು ಮಾತ್ರ. ಹಾಡುವ ಶಿವರಾಜ ಒಳಗೆ ಕೂತ, ಅವನು ಬಹುಶಃ ಉಸಿರಾಡುತ್ತಿರಲಿಲ್ಲ. ಮಾಮ ಇಪ್ಪತ್ತು ಮಾರು ವೈರು ಹಾಸುತ್ತಾ ಅಂಗಳ ದಾಟಿ ನಡೆದ. ವೈರು ಮುಗಿದಲ್ಲಿ ಬೇವಿನ ಗಿಡವಿತ್ತು. ಭತ್ತದ ಚೀಲದ ಮೇಲೆ ಕೂತು ನುಡಿಸಿದ. ಒಳಗಿನಿಂದ ಕಿರಣ ಹೆಬ್ಬೆರಳು ಎತ್ತಿ ತೋರಿಸಿದ. ಟೋನು ಬಂದಿತ್ತು.

ಹದಿನೈದು ದಿನಕ್ಕೆ ಹಾಡು ಮೊಬೈಲಿನಲ್ಲಿ ಬಂತು. ಕೇಳಿದವರೆಲ್ಲ ಗಿಟಾರು ಬಂಗಾರ ಎಂದರು. ಮಾಮ ನನ್ನ ಮೊಬೈಲು ಕಸಿದುಕೊಂಡು, ಹಾಡು ಕೇಳದೆ, ಕೆಳಗಿನ ಹೆಸರುಗಳನ್ನು ಬೆರಳಿನಿಂದ ನೂಕುತ್ತಾ ಹೋದ. ಗಾಯನ, ಶಿವರಾಜ. ವಿಂಟೇಜ್ ಗಿಟಾರ್ ಮತ್ತು ಆಂಪ್ಲಿ, ವಿರೂಪಣ್ಣ ಸಾವಕಾರರು, ಮಾನ್ವಿ. ಚಹಾ ಮತ್ತು ಉಪಾಹಾರ, ಯಾರೋ. ಎಲ್ಲಕ್ಕೂ ಕೊನೆಗೆ: "ವೈರ್: ಥಿಮ್ಮಪ್ಪ ಮಾಸ್ತರ."

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡಿದ್ದರು. ಬೇಕಾದಾಗ ಬಾರದ ಮಹಾಪ್ರಾಣ, ಸತ್ತ ಮನುಷ್ಯನ ಹೆಸರಿನ ಮೊದಲ ಅಕ್ಷರದಲ್ಲಿ ಬಂದು ಕೂತಿತ್ತು.

ಮಾಮ ಮೊಬೈಲು ಕಣ್ಣಿಗೆ ಹತ್ತಿರ ಹಿಡಿದ. ಅಕ್ಷರ ಅಕ್ಷರ ಕೂಡಿಸಿ ಓದಿದ. ಆಮೇಲೆ ಮೊಬೈಲು ನನ್ನ ಮುಂದೆ ಹಿಡಿದು, "ನೀ ಕನ್ನಡ ಮಾಸ್ತರ ಅದೀ. ನೋಡಲೇ, ಅಪ್ಪನ ಹೆಸರು ಬರೋಬ್ಬರಿ ಅದ ಏನು?" ಎಂದು ಕೇಳಿದ.

"ಬರೋಬ್ಬರಿ ಅದ ಮಾಮಾ" ಎಂದೆ.